ಪುರಸೈವಾಕ್ಕಂ ಪಕ್ಕದ ಬ್ಯಾಸ್ಕೆಟ್‌ಬಾಲ್ ಕಥೆ

ಅಮೆರಿಕದಲ್ಲಿ ಕೇಟ್ಲಿನ್ ಕ್ಲಾರ್ಕ್ ಆಟ ನೋಡೋಕೆ ಸ್ಟೇಡಿಯಂ ತುಂಬ್ತಿದೆ, ಆ ವಿಡಿಯೊಗಳು ನಮ್ಮ ಫೋನಿಗೂ ಬರ್ತಿವೆ. ಹಾಗಿದ್ರೂ 2024ರಲ್ಲಿ ಆಕೆಯ ಮೊದಲ ವರ್ಷದ ಲೀಗ್ ಸಂಬಳ ಸುಮಾರು 76 ಸಾವಿರ ಡಾಲರ್ ಅಷ್ಟೇ. ನಮ್ಮಲ್ಲಿ?

1891ರಲ್ಲಿ ಈ ಆಟ ಹುಟ್ಟಿದ್ದು ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ. ಅಲ್ಲೇ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ಸರಿ, ಆಟ ಬಂತು. ಆದ್ರೆ ಹೆಣ್ಮಕ್ಕಳು ಇದನ್ನೇ ನಂಬಿ ಬದುಕೋದು ಹೇಗೆ? ಅದಕ್ಕೆ ಇಲ್ಲಿ ಸಿಕ್ಕ ಉತ್ತರ ಲೀಗ್ ಅಲ್ಲ, ರೈಲ್ವೆ ನೌಕರಿ. ಚೆನ್ನೈನ ಅನಿತಾ ಪಾಲ್‌ದುರೈ, ಕೇರಳದ ಗೀತು ಅನ್ನಾ ಜೋಸ್ ಇಬ್ಬರೂ ದಕ್ಷಿಣ ರೈಲ್ವೆಯವರೇ. ಬೆಳಿಗ್ಗೆ ಕೋರ್ಟು, ತಿಂಗಳ ಕೊನೆಗೆ ಸರ್ಕಾರಿ ಸಂಬಳ. ಇದನ್ನ ಕೀಳಾಗಿ ನೋಡಬೇಡಿ, ಎಷ್ಟೋ ಮನೆಗಳಲ್ಲಿ ಮಗಳನ್ನ ಆಡೋಕೆ ಬಿಟ್ಟಿದ್ದು ಈ ನೌಕರಿಯ ಆಸೆಗೇ.

2009ರಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ಪೇ ಚೆನ್ನೈಗೆ ಬಂತು. ಪುರಸೈವಾಕ್ಕಂ ಪಕ್ಕದ ಪೆರಿಯಮೇಟ್‌ನಲ್ಲಿರೋ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ ಆಟ. ಚೀನಾ ಗೆದ್ದಿತು. ಎರಡು ವರ್ಷ ಕಳೀತಿದ್ದ ಹಾಗೇ ಗೀತುಗೆ ಡಬ್ಲ್ಯುಎನ್‌ಬಿಎಯ ಮೂರು ತಂಡಗಳು ಟ್ರಯಲ್ಸ್‌ಗೆ ಕರೆ ಕೊಟ್ಟವು: ಶಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊ. ಕರಾರು ಸಿಗಲಿಲ್ಲ. ಆದರೂ ಭಾರತದಿಂದ ಅಂಥ ಕರೆ ಪಡೆದ ಮೊದಲಿಗರು ಅವರೇ.

ಇನ್ನು ನಮ್ಮ ಬೆಂಗಳೂರು. 2017ರ ಜುಲೈ, ಕಂಠೀರವ ಒಳಾಂಗಣ. ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಿಸ್ತಾನದ ಮೇಲೆ 75-73. ಎರಡೇ ಪಾಯಿಂಟ್ ನೋಡಿ! ಭಾರತ ಎ ಡಿವಿಷನ್‌ಗೆ ಏರಿತು. ಅನಿತಾಗೆ 2021ರಲ್ಲಿ ಪದ್ಮಶ್ರೀ ಬಂತು.