ಅಡಿಟಿಪ್ಪಣಿಯ ಪಾಠ

ಪಾಠವನ್ನು ಹೇಳುತ್ತಾರೆ, ಹೇಳಿಸಿಕೊಳ್ಳುತ್ತಾರೆ, ಒಪ್ಪಿಸುತ್ತಾರೆ. ಸಿಟ್ಟು ಬಂದವರು ‘ಅವನಿಗೆ ಪಾಠ ಕಲಿಸ್ತೀನಿ’ ಎನ್ನುವಾಗ ಪುಸ್ತಕದ ಮಾತೇ ಇರುವುದಿಲ್ಲ. ಸಂಜೆಗೆ ಮನೆಪಾಠ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ. ಶಾಲೆಯಲ್ಲಿ ನಾನು ಕಂಡ ಪಾಠಕ್ಕೆ ತಲೆಯ ಮೇಲೊಂದು ಅಂಕಿ, ಕೊನೆಗೆ ಅಭ್ಯಾಸದ ಪ್ರಶ್ನೆಗಳು. ನಡುವೆ ಇದ್ದದ್ದನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ಎಂ.ಎ.ಯಲ್ಲಿ ಗ್ರಂಥಸಂಪಾದನೆಯ ತರಗತಿ ಶುರುವಾದಾಗ ಮೇಷ್ಟ್ರು ಕೇಳಿದ್ದು ಬೇರೆಯೇ ಪ್ರಶ್ನೆ: ‘ಇಲ್ಲಿ ನೀವು ಯಾವ ಪಾಠ ಒಪ್ತೀರಿ?’ ಪುಟದ ಮೇಲ್ಭಾಗದಲ್ಲಿ ಒಂದು ಪದ, ಕೆಳಗೆ ಸಣ್ಣ ಅಕ್ಷರದಲ್ಲಿ ಕ, ಖ, ಗ ಎಂದು ಗುರುತು ಹಾಕಿದ ಪ್ರತಿಗಳಲ್ಲಿ ಇನ್ನೊಂದು ಪದ. ಅದು ಪಾಠಾಂತರ. ನಾನು ಅಲ್ಲಿಯತನಕ ಕಣ್ಣು ಹಾಯಿಸದೆ ಬಿಟ್ಟಿದ್ದ ಜಾಗದಲ್ಲೇ ಆ ವರ್ಷದ ಕಲಿಕೆಯೆಲ್ಲ ಇತ್ತು.

ಹಳೆಯ ಓಲೆಗರಿಗಳಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘಗಳನ್ನು ಸಾಮಾನ್ಯವಾಗಿ ಬೇರೆ ಮಾಡಿ ಬರೆಯುತ್ತಿರಲಿಲ್ಲ. ‘ಕೊಡು’ ಎಂದರೂ ‘ಕೋಡು’ ಎಂದರೂ ಬರಹ ಒಂದೇ. ಬಿಡಿಸುವುದು ಛಂದಸ್ಸು: ಮೊದಲನೆಯದು ಎರಡು ಮಾತ್ರೆ, ಎರಡನೆಯದು ಮೂರು. ಪ್ರೌಢಶಾಲೆಯಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದೆನಲ್ಲ, ಅದರ ಉಪಯೋಗ ಗೊತ್ತಾದದ್ದು ಆಗಲೇ. ಆದರೆ ಛಂದಸ್ಸೂ ಕೈಚೆಲ್ಲುವ ಕಡೆಗಳಿವೆ. ಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ‘ಬಂದನಾಗ’ ಎಂದಿದ್ದರೆ ‘ಬಂದನ್ ಆಗ’ ಎಂದು ಬಿಡಿಸಬೇಕೋ, ‘ಬಂದ ನಾಗ’ ಎಂದೋ? ಮಾತ್ರೆ ಎರಡಕ್ಕೂ ಸಮ. ಹಿಂದು ಮುಂದಿನ ಪದ್ಯಗಳನ್ನೂ ಕವಿಯ ನಡೆಯನ್ನೂ ಬಲ್ಲ ಓದುಗ ಮಾತ್ರ ತೀರ್ಮಾನ ಹೇಳಬಲ್ಲ.

‘ಪಾಠ’ ಎಂಬ ಪದದ ಮೂಲದಲ್ಲೇ ಈ ಕೆಲಸ ಇದೆ. ಸಂಸ್ಕೃತದ ಪಠ್ ಎಂದರೆ ದನಿಯೆತ್ತಿ ಓದುವುದು. ವೇದ ಕಲಿಯುವವರಲ್ಲಿ ಸಂಹಿತಾಪಾಠದ ಜೊತೆಗೆ ಪದಪಾಠ ಇದೆ. ಸಂಧಿಯಲ್ಲಿ ಬೆಸೆದ ಮಾತನ್ನು ಬಿಡಿಬಿಡಿಯಾಗಿ ಹೇಳುವ ಕ್ರಮ ಅದು. ಎಲ್ಲಿ ಉಸಿರು ನಿಲ್ಲಿಸಬೇಕೆಂಬುದೇ ಅರ್ಥವನ್ನು ಗೊತ್ತುಮಾಡುತ್ತದೆ. ನಮ್ಮ ಮೇಷ್ಟ್ರು ವಿವರಣೆಗೆ ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದುತ್ತಿದ್ದರು. ಎಷ್ಟೋ ಸಲ ಎರಡನೇ ಓದಿಗೇ ಪದ್ಯ ತಿಳಿದುಬಿಡುತ್ತಿತ್ತು.

ಪಂಪ 941ರ ಸುಮಾರಿಗೆ ಬರೆದ ವಿಕ್ರಮಾರ್ಜುನ ವಿಜಯವನ್ನು ಬಿ.ಎಲ್. ರೈಸ್ 1898ರಲ್ಲಿ ಅಚ್ಚು ಹಾಕಿಸಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಮತ್ತೆ ಸಂಪಾದಿಸಿತು. ಆಮೇಲೆ ಡಿ.ಎಲ್. ನರಸಿಂಹಾಚಾರ್ಯರು ಪದ್ಯ ಪದ್ಯಕ್ಕೂ ‘ಪಂಪಭಾರತ ದೀಪಿಕೆ’ ಬರೆದರು. ಒಂದು ಕಾವ್ಯದ ಮುಂದೆ ಇಷ್ಟು ತಲೆಮಾರು ಕೂತಿದೆ ಎಂಬುದು ನನಗೆ ದೊಡ್ಡ ಧೈರ್ಯ. ನನ್ನ ಸಂದೇಹಕ್ಕೂ ಅಲ್ಲಿ ಜಾಗ ಉಂಟು.

ಹಾಗಾಗಿ ಒಂದು ಆಸೆ. ಎಂಟನೇ ತರಗತಿಯ ಪುಸ್ತಕದಲ್ಲಿ ಒಂದೇ ಒಂದು ಹಳಗನ್ನಡ ಪದ್ಯವನ್ನಾದರೂ ಪಾಠಾಂತರಗಳ ಸಮೇತ ಅಚ್ಚು ಮಾಡಬೇಕು. ಕೆಳಗೆ ಒಂದೇ ಪ್ರಶ್ನೆ ಸಾಕು: ಇವುಗಳಲ್ಲಿ ನಿನಗೆ ಯಾವುದು ಸರಿ, ಯಾಕೆ? ಗೈಡಿನಲ್ಲಿ ಉತ್ತರ ಸಿಕ್ಕದು. ಮಕ್ಕಳು ಮಾತ್ರೆ ಎಣಿಸಿ, ಗಟ್ಟಿಯಾಗಿ ಓದಿ, ಪಕ್ಕದವರ ಜೊತೆ ವಾದ ಮಾಡಿಯೇ ಬರೆಯಬೇಕು.