ಹ್ಯಾಕಿಂಗ್ ಅನುಕರಣೆ ಆಟಗಳು

ಗಣಕಜಾಲಕ್ಕೆ ನುಸುಳುವ ಸಾಹಸವನ್ನು ಕಲ್ಪಿತ ಜಾಲದೊಳಗೇ ಆಡಿಸುವ ವಿಡಿಯೊ ಗೇಮ್ ಪ್ರಕಾರ. 1983ರ ‘ವಾರ್‌ಗೇಮ್ಸ್’ ಚಲನಚಿತ್ರ ಇಂಥ ನುಸುಳುವಿಕೆಯ ಕುರಿತ ಕುತೂಹಲಕ್ಕೆ ಇಂಬು ಕೊಟ್ಟಿತು. 1985ರಲ್ಲಿ ಆಕ್ಟಿವಿಷನ್ ಕಂಪನಿಯ ‘ಹ್ಯಾಕರ್’ ಬಂತು.

ಬ್ರಿಟನ್ನಿನ ಇಂಟ್ರೋವರ್ಷನ್ ಕಂಪನಿ 2001ರಲ್ಲಿ ತಂದ ‘ಅಪ್‌ಲಿಂಕ್’ ಇವುಗಳಲ್ಲಿ ಎದ್ದು ಕಾಣುವ ಕೃತಿ. ಆಟಗಾರ ಹಲವು ಸರ್ವರ್‌ಗಳನ್ನು ಸುತ್ತಿಬಳಸಿ ಗುರಿ ತಲುಪಬೇಕು. ಜಾಡು ಹಿಡಿದವರು ಹತ್ತಿರವಾದಂತೆ ಎಚ್ಚರಿಕೆಯ ಬೀಪ್ ಚುರುಕಾಗುತ್ತದೆ. ಸರ್ವರ್‌ನಲ್ಲಿ ಉಳಿಯುವ ನುಸುಳುವಿಕೆಯ ದಾಖಲೆಯನ್ನು (ಲಾಗ್) ಅಳಿಸಲು ಮರೆತರೆ ಕೆಲಸ ಮುಗಿದ ಮೇಲೂ ಸಿಕ್ಕಿಬೀಳಬಹುದು. ಚಿತ್ರವೈಭವವಿಲ್ಲದೆಯೇ ಎದೆ ಡವಗುಟ್ಟಿಸುವ ಈ ಬಿಗುವೇ ನಿಜವಾದ ಸೆಳೆತ.

ಆಸ್ಟ್ರೇಲಿಯಾದ ‘ಹ್ಯಾಕ್‌ನೆಟ್’ (2015) ಯುನಿಕ್ಸ್ ಮಾದರಿಯ ಆದೇಶಗಳನ್ನೇ ಟೈಪ್ ಮಾಡಿಸುತ್ತದೆ. ಆಡುತ್ತಲೇ ಟರ್ಮಿನಲ್ ಪರಿಚಯವಾಗುವುದು ಸಣ್ಣ ಲಾಭವಲ್ಲ.

ಆಟದ ಹೊರಗೆ ಇಂಥ ನುಸುಳುವಿಕೆ ಅಪರಾಧ: ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸವಿದೆ. ಆಸಕ್ತಿಯನ್ನು ರಕ್ಷಣೆಯತ್ತ ತಿರುಗಿಸುವ ದಾರಿಯೂ ಉಂಟು. ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿದೆ.