ಗಂಡಿಪೇಟೆಯ ಏರಿಯ ಮೇಲೆ

ಊರು ಬಿಟ್ಟು ಬಂದವರಿಗೆ ಕೆರೆ ಕಂಡರೆ ಊರನ್ನೇ ಕಂಡಷ್ಟು ಸಂತೋಷ. ಆದರೆ ಕೂಕಟ್‌ಪಲ್ಲಿಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿರುವ ನಮಗೆ ಹತ್ತಿರದ ಗಂಡಿಪೇಟೆಯ ಕೆರೆ ನೆನಪಾದದ್ದು ಜಪಾನಿನ ಒಂದು ಸರೋವರದ ನೆಪದಿಂದ ಎಂದರೆ ಓದುಗರು ನಕ್ಕಾರು.

ನಡೆದದ್ದು ಇಷ್ಟು. ನಮ್ಮ ಬಳಗದ ದಂಪತಿಗಳಿಬ್ಬರು ಜಪಾನಿನಲ್ಲಿರುವ ಮಗಳ ಮನೆಗೆ ಹೋಗಿ ಬಂದು, ಹಾಕೊನೆಯ ಅಶಿ ಸರೋವರದ ಚಿತ್ರಗಳನ್ನು ಎಲ್ಲರಿಗೂ ತೋರಿಸಿದರು. ಸುತ್ತಲೂ ಕಾಡುಬೆಟ್ಟ, ನಡುವೆ ತಿಳಿನೀರು, ದೂರದಲ್ಲಿ ಹಿಮದ ಟೊಪ್ಪಿಗೆ ಹಾಕಿದ ಫ್ಯೂಜಿ ಪರ್ವತ. ನೋಡಿದ ಮಕ್ಕಳು, "ನಮ್ಮ ಹೈದರಾಬಾದಿನಲ್ಲಿ ಇಂಥದ್ದು ಏನಿದೆ?" ಎಂದು ಮುಖ ಸಣ್ಣದು ಮಾಡಿದರು. ಆಗ ಕಲಬುರಗಿ ಕಡೆಯ ಹಿರಿಯರೊಬ್ಬರು, "ಗಂಡಿಪೇಟಿ ಕೆರಿ ನೋಡೀರೇನು? ಅದನ್ನ ಕಟ್ಟಬೇಕು ಅಂತ ಹೇಳಿದವರೂ ಜಪಾನ ನೋಡಿ ಬಂದವರೇ ಇದ್ರು. ಮತ್ತ ನಮ್ಮವರೇ" ಎಂದರು. ಮುಂದಿನ ಭಾನುವಾರವೇ ನಾಲ್ಕು ಮನೆಯವರು ಹೊರಟೆವು.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಒಂದು ಮನೆಯದು; ಚಿತ್ರಾನ್ನ, ಮೊಸರನ್ನ ಇನ್ನೊಂದು ಮನೆಯದು. ಗಚ್ಚಿಬೌಲಿಯ ಗಾಜಿನ ಕಟ್ಟಡಗಳನ್ನು ದಾಟಿ ಒಂದು ಗಂಟೆಯೊಳಗೆ ಏರಿಯ ಬಳಿ ಇಳಿದಾಗ ಮಕ್ಕಳ ಮಾತು ನಿಂತಿತು. ಕಣ್ಣು ಹಾಯುವವರೆಗೂ ನೀರು. ದಂಡೆಯಲ್ಲಿ ನಿಜಾಮರ ಕಾಲದ ಸಾಗರ ಮಹಲು. ಈ ಜಲಾಶಯಕ್ಕೆ ಸರಕಾರಿ ಹೆಸರು ಉಸ್ಮಾನ್ ಸಾಗರ. ಜನರ ಬಾಯಲ್ಲಿ ಇಂದಿಗೂ ಗಂಡಿಪೇಟೆ.

ಇಷ್ಟು ಶಾಂತವಾದ ನೀರಿನ ಹಿಂದೆ ಒಂದು ಘೋರ ದುರಂತದ ಕಥೆಯಿದೆ. 1908ರ ಸೆಪ್ಟೆಂಬರ್ 28. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿಖಾನರ ಆಳ್ವಿಕೆಯ ಕಾಲ. ಶಂಶಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ ಸುಮಾರು 19 ಅಂಗುಲ ಮಳೆ ಸುರಿಯಿತು. ಮೂಸಿ ನದಿ ಉಕ್ಕಿ ಊರೊಳಗೆ ನುಗ್ಗಿತು. ಸೇತುವೆಗಳು ಮುರಿದವು, ಸಾವಿರಾರು ಮನೆಗಳು ನೆಲಸಮವಾದವು. ಸತ್ತವರು ಸುಮಾರು 15,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಆ ನೀರಿನಲ್ಲಿ ಕಳೆದುಕೊಂಡರು. ಅಫ್ಜಲ್‌ಗಂಜಿನ ಒಂದು ಹುಣಸೆಮರವನ್ನು ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಜನ ಇಂದಿಗೂ ಕೃತಜ್ಞತೆಯಿಂದ ತೋರಿಸುತ್ತಾರೆ.

ಮತ್ತೆ ಇಂಥದ್ದು ಆಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮ ಸರಕಾರ ಕರೆಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಆಗ ಅವರು ಮುಂಬಯಿ ಸರಕಾರದ ನೌಕರಿ ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದರು. ಅದಕ್ಕೂ ಹತ್ತು ವರ್ಷ ಮೊದಲು, 1898ರಲ್ಲಿ, ಅವರು ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಣ್ಣಾರೆ ಕಂಡು ಬಂದಿದ್ದರು. ನಮ್ಮ ಹಿರಿಯರು ಹೇಳಿದ್ದು ಇದನ್ನೇ.

1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದ ವಿಶ್ವೇಶ್ವರಯ್ಯನವರು ಮೂಸಿಯ ಜಲಾನಯನ ಪ್ರದೇಶವನ್ನೆಲ್ಲ ಅಳೆದು ಲೆಕ್ಕ ಹಾಕಿದರು. ಅಲ್ಲಿ 788 ಕೆರೆಗಳಿದ್ದವು. ಆ ಮಳೆಯಲ್ಲಿ ಅವುಗಳಲ್ಲಿ 221 ಒಡೆದಿದ್ದವು. ಒಂದು ಕೆರೆಯ ಏರಿ ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗಿದರೆ ಅದೂ ಒಡೆಯುತ್ತದೆ. ಹೀಗೆ ಕೆರೆಗಳ ನೀರೆಲ್ಲ ಮಳೆಯ ನೀರಿನ ಜೊತೆ ಸೇರಿ ನಗರದ ಮೇಲೆ ಬಿದ್ದಿತ್ತು. ಅವರು ಹೇಳಿದ ಉಪಾಯ ಕೇಳಲು ಸರಳ: ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ದೊಡ್ಡ ಜಲಾಶಯ ಕಟ್ಟುವುದು, ಪ್ರವಾಹ ಬಂದಾಗ ನೀರನ್ನು ಅಲ್ಲಿ ತಡೆದು, ನದಿ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡುವುದು. ಅದೇ ನೀರು ನಗರಕ್ಕೆ ಕುಡಿಯಲೂ ಆಗಬೇಕು. ಅಕ್ಟೋಬರ್ 1ರಂದು ವರದಿ ಒಪ್ಪಿಸಿ, ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟುಹೋದರು.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿಖಾನರ ಕಾಲದಲ್ಲಿ ಕೆಲಸ ನಡೆದು, ಉಸ್ಮಾನ್ ಸಾಗರ 1920ರಲ್ಲೂ, ಈಸಿಯ ಮೇಲಿನ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಯೋಚನೆ ಕೊಟ್ಟವರನ್ನು ನಾವು ನೆನೆಯುತ್ತೇವೆ. ಆಮೇಲೆ ವರ್ಷಗಟ್ಟಲೆ ಕಲ್ಲು ಹೊತ್ತವರ, ಗಾರೆ ಕಲಸಿದವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. "ನಮ್ಮವರು ಕಟ್ಟಿದ್ದು" ಎಂದು ಎದೆಯುಬ್ಬಿಸುವಾಗ ಇದೂ ನೆನಪಿರಲಿ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆದ್ದರಿಂದ ಆ ಹಿರಿಯರಿಗೆ ಇದು ಪರಸ್ಥಳವಲ್ಲ. ಅವರ ಅಜ್ಜಂದಿರು ಕಂದಾಯ ಕಟ್ಟಿದ ರಾಜ್ಯದ ಕೆರೆಯೇ. ನೀರಿನ ನಂಟೂ ಹಾಗೆಯೇ. 1965ರಿಂದ ಈ ನಗರಕ್ಕೆ ನೀರು ಕೊಡುತ್ತಿರುವ ಮಂಜೀರಾ ನದಿ ಬೀದರ ಜಿಲ್ಲೆಯನ್ನು ಹಾದು ಬರುತ್ತದೆ.

ಊಟವಾದ ಮೇಲೆ ಜಪಾನಿಗೆ ಹೋಗಿದ್ದವರು ಅಶಿ ಸರೋವರದ ಇನ್ನೊಂದು ಸಂಗತಿ ಹೇಳಿದರು. ಅದು ಕೇವಲ ನೋಡುವ ನೀರಲ್ಲ. 1666ರಲ್ಲಿ ಬೆಟ್ಟದ ಎರಡೂ ಬದಿಯಿಂದ ಅಗೆಯತೊಡಗಿ, 1670ರಲ್ಲಿ ಸುಮಾರು 1,280 ಮೀಟರು ಉದ್ದದ ಸುರಂಗ ಮುಗಿಸಿ, ಸರೋವರದ ನೀರನ್ನು ಆಚೆಯ ಬತ್ತದ ಗದ್ದೆಗಳಿಗೆ ಹರಿಸಿದರಂತೆ. ಚೆಲುವಾದ ನೀರಿನ ಹಿಂದೆ ಅಲ್ಲಿಯೂ ಜನರ ದುಡಿಮೆ ಇದೆ.

ಮರಳುವಾಗ ಒಬ್ಬ ಹುಡುಗಿ ಕೇಳಿದಳು: "ಆ 788 ಕೆರೆಗಳು ಈಗ ಎಲ್ಲಿವೆ?" ವ್ಯಾನಿನಲ್ಲಿದ್ದ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತೆಲುಗಿನವರು ಚೆರುವು, ಕುಂಟ ಎನ್ನುತ್ತಾರೆ. ನಾವು ಕೆರೆ, ಕುಂಟೆ ಎನ್ನುತ್ತೇವೆ. ಈ ನಗರದ ಎಷ್ಟೋ ಬಡಾವಣೆಗಳ ಹೆಸರಿನ ಕೊನೆಯಲ್ಲಿ ಕುಂಟ ಉಳಿದಿದೆ, ನೆಲದ ಮೇಲೆ ಉಳಿದಿಲ್ಲ. ನಮ್ಮ ಬಳಗದ ಒಬ್ಬರು ಸಾಲ ಮಾಡಿ ಫ್ಲಾಟು ಕೊಂಡರು. ಮಾರಿದವರು ತೋರಿಸಿದ್ದು ಒಣ ನೆಲ. 2020ರ ಅಕ್ಟೋಬರ್ ಮಳೆಯಲ್ಲಿ ಕೆಳಮಹಡಿಗೆ ಸೊಂಟದುದ್ದ ನೀರು ಬಂದಾಗ, ಪಕ್ಕದ ಹಳೆಯ ನಿವಾಸಿ, "ಇದು ನೀರು ನಿಲ್ಲುವ ಜಾಗವೇ" ಎಂದರಂತೆ. ಕೊಳ್ಳುವ ಮೊದಲು ಅವರನ್ನು ನಾವು ಯಾರೂ ಕೇಳಿರಲಿಲ್ಲ.

ಗಂಡಿಪೇಟೆ ಮತ್ತು ಹಿಮಾಯತ್ ಸಾಗರಗಳ ಸುತ್ತ 10 ಕಿಲೋಮೀಟರಿನಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿದ 111ನೆಯ ಆದೇಶ ಬಂದದ್ದು 1996ರಲ್ಲಿ. ಅದನ್ನು ಸಡಿಲಿಸುವ ಆದೇಶ 2022ರಲ್ಲಿ ಹೊರಟಿತು. ಅಲ್ಲಿನ ರೈತರಿಗೆ ತಮ್ಮ ಭೂಮಿಯ ಬೆಲೆಯ ಚಿಂತೆ. ಕೆಳಗಿರುವ ನಮಗೆ ನೀರಿನ ಚಿಂತೆ. ಎರಡೂ ಸುಳ್ಳಲ್ಲ. ಆದರೆ 1909ರ ಲೆಕ್ಕ ಕಲಿಸುವ ಪಾಠ ಒಂದೇ: ಮೇಲೆ ನೀರಿಗೆ ಜಾಗ ಬಿಡದಿದ್ದರೆ ಅದು ಕೆಳಗೆ ಬಂದು ಜಾಗ ಕೇಳುತ್ತದೆ.

ಕೂಕಟ್‌ಪಲ್ಲಿಯಲ್ಲಿ ಇನ್ನೂ ರಂಗಧಾಮುನಿ ಚೆರುವು ಇದೆ. ಜನ ಐಡಿಎಲ್ ಕೆರೆ ಎನ್ನುವುದು ಅದನ್ನೇ. ಗಣೇಶನನ್ನು ಬಿಡಲು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತೇವೆ. ಮುಂದಿನ ತಿಂಗಳು, ಬಿಡಲು ಏನೂ ಒಯ್ಯದೆ, ಬರಿಗೈಯಲ್ಲಿ ಹೋಗಿ ಅದರ ಸುತ್ತ ಒಂದು ಸುತ್ತು ನಡೆದು ಬರೋಣವೆಂದು ಮಕ್ಕಳು ಗೊತ್ತು ಮಾಡಿದ್ದಾರೆ. ನೀರು ಎಲ್ಲಿಂದ ಬರುತ್ತದೆ, ಕೋಡಿ ಎಲ್ಲಿ ಹರಿಯುತ್ತದೆ ಎಂದು ಬರೆದುಕೊಳ್ಳುವರಂತೆ. ಬರುವವರು ಬರಬಹುದು, ರೊಟ್ಟಿ ನಾವು ತರುತ್ತೇವೆ.